ಯಳಂದೂರಿನ ಮನೆಯ ಹನ್ನೊಂದು ಫೋಟೊ

ಒಂದಾನೊಂದು ಕಾಲದಲ್ಲಿ, ಬಿಳಿಗಿರಿ ಬೆಟ್ಟದ ಕೆಳಗಿನ ಒಂದೂರಿನಲ್ಲಿ, ಬಾಯಿದ್ದ ಮನೆಯೊಂದಿತ್ತಂತೆ. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಅದು ಒಳಗಿನ ಸುದ್ದಿ ಹೇಳುತ್ತಿತ್ತಂತೆ. ‘ಇವತ್ತು ನಮ್ಮಲ್ಲಿ ಮುದ್ದೆ, ಹುರುಳಿಕಾಳಿನ ಸಾರು. ಅತ್ತೆಗೂ ಸೊಸೆಗೂ ಮಾತಿಲ್ಲ. ಕೂಸಿಗೆ ಹಲ್ಲು ಬಂತು.’ ಯಜಮಾನನಿಗೆ ನಾಚಿಕೆಯಾಗಿ, ಒಂದು ದಿನ ಸುಣ್ಣ ಕಲಸಿ ಆ ಬಾಯಿಗೆ ಬಳಿದುಬಿಟ್ಟನಂತೆ. ಮನೆ ಸುಮ್ಮನಾಯಿತು. ಅವತ್ತಿನಿಂದ ಊರು ಮಾತಾಡತೊಡಗಿತು.

“ಆಮೇಲೆ?” ಎಂದು ನಾಗಶ್ರೀ ಕೇಳುತ್ತಿದ್ದಳು, ಏಳು ವರ್ಷದವಳಿದ್ದಾಗ.

“ಆಮೇಲೆ ನಿದ್ದೆ,” ಎನ್ನುತ್ತಿದ್ದಳು ಅಜ್ಜಿ ವೀರಮ್ಮ.

ನಾಗಶ್ರೀಗೆ ಈಗ ಇಪ್ಪತ್ತಮೂರು. ಕಥೆ ಮಾತ್ರ ಅಲ್ಲೇ ನಿಂತಿತ್ತು.

ಕೊಳ್ಳೇಗಾಲದ ಅವರ ಮನೆಯಲ್ಲಿ ಒಂದು ಒಲೆಗೆ ಇಬ್ಬರು ಹೆಂಗಸರು. ಒಬ್ಬಳು ನಾಗಶ್ರೀಯ ತಾಯಿ ಮಹದೇವಮ್ಮ. ಇನ್ನೊಬ್ಬಳು ಸೋದರತ್ತೆ ಪವಿತ್ರ. ಪವಿತ್ರಳ ಗಂಡ ನಂಜುಂಡಸ್ವಾಮಿ ಎರಡು ವರ್ಷದ ಹಿಂದೆ ಕಾಮಾಲೆಯಾಗಿ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಯಳಂದೂರಿನ ಮನೆಗೆ ಬೀಗ ಹಾಕಿ, ಎರಡು ಟ್ರಂಕು ತಕೊಂಡು ಅವಳು ಅಣ್ಣನ ಮನೆಗೆ ಬಂದಿದ್ದಳು. ‘ಮನೆ ಮಾರಿಹೋಗೋವರೆಗೂ’ ಎಂದು ಬಂದವಳು. ಅಣ್ಣ ಶಾಂತಮೂರ್ತಿ ಮನೆ, ಸೈಟುಗಳ ದಲ್ಲಾಳಿ. ಸುತ್ತಲ ಮೂರು ತಾಲ್ಲೂಕಿನಲ್ಲಿ ಅವನ ಮಾತಿನ ಮೇಲೆ ಕೈ ಬದಲಾದ ಮನೆಗಳಿಗೆ ಲೆಕ್ಕವಿರಲಿಲ್ಲ. ತಂಗಿಯ ಮನೆ ಒಂದು ಮಾತ್ರ ಹಾಗೇ ಉಳಿದಿತ್ತು.

ಸಂಕ್ರಾಂತಿ ಕಳೆದ ವಾರ, ಊಟದ ಹೊತ್ತಿಗೆ ಜಗಳ ತೆಂಗಿನಕಾಯಿಯಿಂದ ಶುರುವಾಯಿತು.

“ಅವರೆಕಾಳು ಸಾರಿಗೆ ಇಡೀ ಕಾಯಿ ರುಬ್ಬಿದ್ದಿಯಲ್ಲ ಪವಿತ್ರ,” ಎಂದಳು ಮಹದೇವಮ್ಮ. “ನಾನು ಅರ್ಧ ಹೋಳಲ್ಲಿ ಮುಗಿಸ್ತೀನಿ.”

“ಅದಕ್ಕೇ ಅತ್ತಿಗೆ, ನೀವು ಮಾಡ್ದಾಗ ಅಣ್ಣ ಎರಡನೇ ಸಲ ಸಾರು ಕೇಳೋದಿಲ್ಲ.”

ವೀರಮ್ಮ ಮುದ್ದೆ ಮುರಿಯುತ್ತಾ ಬಾಯೊಳಗೇ ನಕ್ಕಳು. ಮಹದೇವಮ್ಮ ಸೌಟನ್ನು ಪಾತ್ರೆಯೊಳಕ್ಕೆ ಸದ್ದಾಗುವಂತೆ ಬಿಟ್ಟಳು.

ಪವಿತ್ರ ಅಣ್ಣನ ಕಡೆ ತಿರುಗಿದಳು. “ಅಣ್ಣ, ಹನೂರಿನ ಪ್ರಭುಸ್ವಾಮಿ ಫೋನ್ ಮಾಡಿದ್ರು. ಊಟದ ಮೆಸ್ಸು ಬಿಟ್ಟು ಮಗಳ ಊರಿಗೆ ಓಯ್ತಾರಂತೆ. ಶಿವರಾತ್ರಿವರ್ಗೂ ನನಗೋಸ್ಕರ ಕಾಯ್ತಾರಂತೆ, ಆಮೇಲೆ ಬೇರೇರಿಗೆ ಕೊಡ್ತಾರಂತೆ. ಮಾದಪ್ಪನ ಬೆಟ್ಟಕ್ಕೆ ನಡ್ಕಂಡು ಓಗೋರೆಲ್ಲ ಅವರ ಬಾಗ್ಲಲ್ಲೇ ಓಗೋದು. ಮೆಸ್ಸು ತಕ್ಕಳಕ್ಕೆ ದುಡ್ಡು ಬೇಕು, ನನ್ನ ಮನೆ ಏನಾಯ್ತು?”

“ಗಿರಾಕಿ ಬರಬೇಕಲ್ಲವ್ವ.”

“ಎರಡು ವರ್ಷದಿಂದ ಬರ್ತಾನೇ ಅವ್ರೆ.”

ನಾಗಶ್ರೀ ತಟ್ಟೆಯಿಂದ ತಲೆಯೆತ್ತಿದಳು. ಕಾಲೇಜು ಮುಗಿಸಿ, ಹಳೆಯ ಕ್ಯಾಮೆರಾ ಒಂದನ್ನು ಕೊಂಡು, ‘ಮೂರೂರ ಮನೆ’ ಎಂಬ ವೆಬ್‌ಸೈಟು ಮಾಡಿ ಆರು ತಿಂಗಳಾಗಿತ್ತು. ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ಮಾರಾಟಕ್ಕಿರುವ ಮನೆಗಳ ಫೋಟೊ ಅದರಲ್ಲಿ. ಹಾಕಲು ಇಲ್ಲಿಯವರೆಗೆ ಸಿಕ್ಕಿದ್ದು ನಾಲ್ಕೇ ಮನೆ, ಮಾರಾಟವಾಗಿದ್ದು ಒಂದೂ ಇಲ್ಲ.

“ನನಗೆ ಕೊಡಿ ಅತ್ತೆ. ಶಿವರಾತ್ರಿಯೊಳಗೆ ನಾನು ಮಾರಿಕೊಡ್ತೀನಿ.”

ಶಾಂತಮೂರ್ತಿ ನಕ್ಕ. “ನೋಡವ್ವ ನಾಗಿ, ಮನೆ ಮಾರೋದು ಅಂದ್ರೆ ಹೆಣ್ಣು ತೋರಿಸಿದಂಗೆ. ಯಾರ ಕಿವೀಗೆ ಬೀಳಬೇಕೋ ಅವರ ಕಿವೀಗೆ ಮಾತ್ರ ಬೀಳಬೇಕು. ನಿನ್ನ ಫೋನಲ್ಲಿ ಹಾಕಿದ್ರೆ ಕಂಡಕಂಡೋರೆಲ್ಲ ಬಾಗಿಲು ತಟ್ತಾರೆ.”

“ತಟ್ಟಲಿ ಅಪ್ಪಾಜಿ. ಒಬ್ಬರು ಕೊಂಡ್ರೆ ಸಾಕು.”

“ಆಯ್ತು ಕನವ್ವ. ಶಿವರಾತ್ರಿಯೊಳಗೆ ಆಗ್ಲಿಲ್ಲ ಅಂದ್ರೆ ಆ ಕ್ಯಾಮೆರಾ ಮಾರಿ, ಸೊಸೈಟಿ ಕೆಲಸಕ್ಕೆ ಅರ್ಜಿ ಹಾಕಬೇಕು. ಒಪ್ಪಿಗೆಯಾ?”

“ಒಪ್ಪಿಗೆ,” ಎಂದಳು ನಾಗಶ್ರೀ. ಪವಿತ್ರ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

*

ನಾಗಶ್ರೀ ಯಳಂದೂರಿಗೆ ಹೋದದ್ದು ಒಬ್ಬಳೇ. ಹೊರಡುವಾಗ ಅಪ್ಪ ಚಪ್ಪಲಿ ಮೆಟ್ಟುತ್ತಾ ಒಂದು ಮಾತು ಹೇಳಿದ್ದ: “ಬೆಳಿಗ್ಗೆ ಏಳಕ್ಕೇ ಓಗು. ಎದುರುಮನೆ ಚಿಕ್ಕನಿಂಗಮ್ಮನಿಗೆ ಹೇಳಿ ಒಂದು ಲೋಟ ಹಾಲು ಕಾಯಿಸು.” ಅಪ್ಪ ಯಾವ ಮನೆ ತೋರಿಸುವಾಗಲೂ ಹೀಗೇ ಮಾಡುತ್ತಿದ್ದ. ಕಾಫಿ ಕುಡಿಯುವ ನೆಪ ಎಂದುಕೊಂಡಿದ್ದಳು ನಾಗಶ್ರೀ. ಹಾಲಿನ ಫೋಟೊ ಯಾರಿಗೆ ಬೇಕು? ಬೆಳಕು ನಡುಮನೆಗೆ ಬೀಳುವುದು ಹತ್ತೂವರೆಗೆ. ಅವಳು ಹತ್ತಕ್ಕೆ ಹೋದಳು.

ಫೋಟೊ ತೆಗೆಯುವುದನ್ನು ಅವಳು ಫೋನಿನ ವಿಡಿಯೊಗಳಲ್ಲಿ ಕಲಿತಿದ್ದಳು. ಅದರಲ್ಲಿ ಮತ್ತೆ ಮತ್ತೆ ಒಂದೇ ಪಾಠ: ಮನೆಯವರ ಗುರುತು ಒಂದೂ ಉಳಿಯಬಾರದು, ಕೊಳ್ಳುವವರಿಗೆ ತಮ್ಮದೇ ಮನೆ ಕಾಣಬೇಕು. ಅವಳು ಪಾಠ ಒಪ್ಪಿಸುವಂತೆ ಒಂದೊಂದೇ ತೆಗೆದಳು. ದೇವರ ಗೂಡಿನಿಂದ ಮಾದಪ್ಪನ ಪಟ, ಮಸಿ ಹಿಡಿದ ದೀಪ. ಬಾಗಿಲ ಮೇಲಿನ ಒಣಗಿದ ಮಾವಿನ ತೋರಣ. ಅಡುಗೆಮನೆಯಿಂದ ಒಲೆ. ಹಿತ್ತಿಲಿಗೆ ತುಳಸಿ ಕುಂಡ. ಕೊನೆಗೆ, ಬೀಗದಕೈ ಇಟ್ಟುಕೊಂಡಿದ್ದ ಚಿಕ್ಕನಿಂಗಮ್ಮ ದಿನವೂ ಹೊಸ್ತಿಲಿಗೆ ಎಳೆಯುತ್ತಿದ್ದ ರಂಗೋಲಿ, ಅರಿಶಿನ ಕುಂಕುಮದ ಕಲೆ. ಒದ್ದೆ ಬಟ್ಟೆ ತಂದು ಉಜ್ಜಿದಳು.

“ಅಯ್ಯೋ, ಏನ್ ಮಗಾ, ಅಳಿಸ್ತಿದ್ದಯಾ?” ಎಂದಳು ಚಿಕ್ಕನಿಂಗಮ್ಮ ಎದುರು ಜಗುಲಿಯಿಂದ.

“ಫೋಟೊಗೆ ಅಮ್ಮ. ಕಲೆ ಕಾಣುತ್ತೆ.”

“ಕಾಣ್ಲಿ ಅಂತಾನೇ ಅಲ್ವಾ ಹಾಕೋದು?”

ನಾಗಶ್ರೀಯ ಕಣ್ಣು ಆಗಲೇ ಕ್ಯಾಮೆರಾದೊಳಗಿತ್ತು. ಬಿಳಿಯ ಗೋಡೆ, ಕೆಂಪು ನೆಲ, ಎರಡು ಕಂಬದ ನಡುವೆ ಬಿಸಿಲಿನ ಹಾಸು. ಎಷ್ಟು ಚೆಂದವಿತ್ತೆಂದರೆ ಅವಳಿಗೆ ಉಸಿರಾಡಲೂ ನೆನಪಿರಲಿಲ್ಲ. ಹನ್ನೊಂದು ಫೋಟೊ. ಅಂದು ಸಂಜೆಯೇ ವೆಬ್‌ಸೈಟಿಗೆ ಏರಿಸಿ, ಲಿಂಕನ್ನು ಮೂರು ತಾಲ್ಲೂಕಿನ ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿದಳು.

ನಾಲ್ಕು ದಿನದಲ್ಲಿ ಸಾವಿರದ ನಾನೂರು ಜನ ನೋಡಿದ್ದರು. ಎಂಟನೇ ದಿನಕ್ಕೆ ಮೂರು ಸಾವಿರ. ಫೋನು ಒಂದೂ ಇಲ್ಲ.

“ಸಿನಿಮಾ ಚೆನ್ನಾಗದೆ, ಟಿಕೀಟು ತಕ್ಕಳೋರಿಲ್ಲ,” ಎಂದ ಶಾಂತಮೂರ್ತಿ. ನಾಗಶ್ರೀ ಬೆಲೆಯ ಸಾಲನ್ನು ತಿದ್ದಿದಳು, ಫೋಟೊಗಳ ಬೆಳಕು ಹೆಚ್ಚಿಸಿದಳು. ಮನೆ ಇನ್ನೂ ಬೆಳ್ಳಗಾಯಿತು.

ಹನ್ನೆರಡನೇ ದಿನ ಪವಿತ್ರ ಹನೂರಿನ ಮೆಸ್ಸು ನೋಡಿಕೊಂಡು ಬಸ್ಸಿನಲ್ಲಿ ಬಂದವಳು, ಕಾಲು ತೊಳೆಯದೆ ನೇರ ಅಡುಗೆಮನೆಗೆ ನಡೆದು ಗೋಡೆಗೊರಗಿ ಕುಳಿತಳು. ಮಹದೇವಮ್ಮ ಮುದ್ದೆ ತೊಳಸುತ್ತಿದ್ದಳು.

“ಏನಾಯ್ತು? ಮುಖ ಯಾಕ ಹಂಗದೆ?”

“ಮುಂದಿನ ಸೀಟಲ್ಲಿ ಇಬ್ಬರು ಹೆಂಗಸರು ಫೋನಲ್ಲಿ ನನ್ನ ಮನೆ ನೋಡ್ತಿದ್ರು ಅತ್ತಿಗೆ.” ಪವಿತ್ರ ಏರಿಳಿತವಿಲ್ಲದೆ ಹೇಳಿದಳು. “ಒಬ್ಬಳು ಅಂದ್ಲು, ‘ಹೊಸ್ತಿಲು ನೋಡು, ಬರಿದು. ಒಲೆ ಎತ್ತವ್ರೆ, ದೀಪ ತೆಗ್ದವ್ರೆ. ಸೂತಕದ ಮನೆ ಕನ.’ ಇನ್ನೊಬ್ಬಳು ಅಂದ್ಲು, ‘ಗೊತ್ತಿಲ್ವಾ? ಗಂಡ ಅದೇ ತೊಲೆಗೆ ನೇಣು ಹಾಕ್ಕಂಡ. ಅದಕ್ಕೇ ಹೆಂಡ್ತಿ ಮನೆ ಬಿಟ್ಟು ಓಡೋದ್ಲು.’”

ನಾಗಶ್ರೀ ಬಾಗಿಲಲ್ಲಿ ನಿಂತಿದ್ದಳು. ತೊಲೆಯ ಫೋಟೊ ಏಳನೆಯದು. ಹಳೇ ತೇಗ ಕಾಣಲೆಂದು ನೆಲದಲ್ಲಿ ಮಲಗಿ ತೆಗೆದದ್ದು.

“ಅತ್ತೆ, ನಾನು…”

“ಮಾತಾಡಬ್ಯಾಡ.” ಪವಿತ್ರ ಎದ್ದಳು. “ನಲವತ್ತು ದಿನ ಆಸ್ಪತ್ರೆ ಮೆಟ್ಲಲ್ಲಿ ಮಲಗಿದ್ದೆ ನಾನು ಅವರನ್ನ ಉಳಿಸ್ಕಳಕ್ಕೆ. ನೀನು ಒಂದು ಬಟ್ಟೆ ತಕಂಡು ಎಲ್ಲಾನೂ ಒರೆಸಿಬಿಟ್ಟೆ.”

ಅಂದಿನ ಊಟಕ್ಕೆ ಅವಳು ಬರಲಿಲ್ಲ. ಶಾಂತಮೂರ್ತಿ ತಟ್ಟೆಯ ಮುಂದೆ ಗುಡುಗಿದ. “ಹಾಲು ಕಾಯಿಸು ಅಂದಿದ್ನಲ್ಲಾ? ಬರೋ ಗಿರಾಕಿ ಮೂಗಿಗೆ ಕಾದ ಹಾಲು ಬಡೀಬೇಕು, ಕಣ್ಣಿಗೆ ರಂಗೋಲಿ ಬೀಳಬೇಕು. ಆಗ ಅವನು ಯಾರು ಸತ್ರು ಅಂತ ಕೇಳಲ್ಲ, ನೀರು ಸಿಹೀನಾ ಅಂತ ಕೇಳ್ತಾನೆ. ಎರಡು ವರ್ಷ ನನ್ನ ಬಾಯಲ್ಲಿ ಆ ಮನೆಗೆ ಒಂದು ಸಾವು ಅಂಟದಂಗೆ ಕಾಪಾಡಿದ್ದೆ.”

“ಯಾಕೆ ಅಂತ ನೀವು ಹೇಳಲಿಲ್ಲ ಅಪ್ಪಾಜಿ.”

“ಯೋಳ್ದೆ. ನೀನು ಕೇಳಿಸ್ಕಳಲಿಲ್ಲ.”

ಅದು ನಿಜವಾಗಿತ್ತು. ನಾಗಶ್ರೀ ಅನ್ನ ಕಲಸುತ್ತಲೇ ಕುಳಿತಳು, ತುತ್ತು ಎತ್ತಲಿಲ್ಲ. ಪಕ್ಕದಲ್ಲಿ ವೀರಮ್ಮ ಮೆಲ್ಲಗೆ ಕೇಳಿದಳು: “ಬಾಯಿದ್ದ ಮನೆ ಕಥೆ ನೆನಪಿದ್ದದಾ ಮಗಾ?”

“ಇದೆ ಅಜ್ಜಿ.”

“ಸುಣ್ಣ ಬಳಿದೋನು ಬೇರೆ ಯಾರೋ ಅಂದ್ಕಂಡಿದ್ದೆ ನಾನು.”

*

ಮಾರನೇ ದಿನವೇ ನಾಗಶ್ರೀ ಹನ್ನೊಂದೂ ಫೋಟೊ ತೆಗೆದುಹಾಕಿದಳು. ಶಿವರಾತ್ರಿಗೆ ಉಳಿದಿದ್ದು ಇಪ್ಪತ್ತೇ ದಿನ. ಪವಿತ್ರ ಅವಳೊಡನೆ ಮಾತು ಬಿಟ್ಟಿದ್ದಳು. ಕಾಫಿ ಲೋಟವನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದಳು. ಮೂರನೇ ದಿನ ವೀರಮ್ಮ ಒಂದು ಚೀಲಕ್ಕೆ ಸೀರೆ ತುಂಬಿಕೊಂಡು ನಡುಮನೆಯಲ್ಲಿ ನಿಂತಳು.

“ಯಳಂದೂರಿಗೆ ಓಯ್ತೀನಿ. ಪವಿತ್ರ, ನೀನೂ ಹೊರಡು. ಬಾಗ್ಲು ತೆಗ್ದು ಒಲೆ ಹಚ್ಚನ. ನಾಲ್ಕು ದಿನ ಉಂಡು, ಉಗಿದು, ಬಟ್ಟೆ ಒಗ್ದು ಹರವಿದ್ರೆ ನೇಣು ಗೀಣು ಎಲ್ಲ ತಾನೇ ಬಿದ್ದೋಯ್ತದೆ.”

“ಹೊಸ್ತಿಲು ಪೂಜೆ ಯಾರು ಮಾಡ್ತಾರೆ ಅಲ್ಲಿ?” ಎಂದಳು ಮಹದೇವಮ್ಮ. “ನೀವಿಬ್ರೂ ಕೈ ಬರಿದಾದೋರು. ನೋಡ್ದೋರು ಏನಂದಾರು?”

“ಅವಳ ಹೊಸ್ತಿಲು, ಅವಳ ಕೈ,” ಎಂದಳು ವೀರಮ್ಮ. “ಅನ್ನೋರು ನಮಗೆ ಅನ್ನ ಹಾಕ್ತಾರಾ? ಅವರೇ ಬಂದು ಹಾಕ್ಲಿ ರಂಗೋಲಿಯ.”

ಪವಿತ್ರ ಒಳಹೋಗಿ ತನ್ನ ಟ್ರಂಕು ಎಳೆದಳು.

ನಾಗಶ್ರೀ ಕ್ಯಾಮೆರಾ ಹಿಡಿದು ಹೋದದ್ದು ಅವರು ಹೋದ ಐದನೇ ದಿನ, ಬೆಳಿಗ್ಗೆ ಏಳಕ್ಕೆ. ಬೀದಿಯ ತಿರುವಿನಲ್ಲೇ ಒಗ್ಗರಣೆಯ ವಾಸನೆ ಬಂತು. ಹೊಸ್ತಿಲಿನ ಮೇಲೆ ಎಳೆ ಎಳೆಯಾಗಿ ಹೊಸ ರಂಗೋಲಿ. ಜಗುಲಿಯಲ್ಲಿ ಅಜ್ಜಿ ಚಿಕ್ಕನಿಂಗಮ್ಮನ ಜೊತೆ ಅವರೆಕಾಯಿ ಬಿಡಿಸುತ್ತಿದ್ದಳು. ಒಳಗೆ ಹಾಲು ಉಕ್ಕುವ ಹಂತದಲ್ಲಿತ್ತು.

“ತೆಗೀತೀಯಾ, ಇಲ್ಲ ನೋಡ್ತಾ ನಿಂತಿರ್ತೀಯಾ?” ಎಂದಳು ಪವಿತ್ರ. ಎಂಟು ದಿನದ ಮೇಲೆ ಆಡಿದ ಮೊದಲ ಮಾತು.

ನಾಗಶ್ರೀ ಯಾವುದನ್ನೂ ಎತ್ತಿಡಲಿಲ್ಲ. ಗೂಡಿನ ದೀಪ, ಮಾದಪ್ಪನ ಪಟ, ಹಗ್ಗದ ಮೇಲಿನ ಸೀರೆ, ಒರಳುಕಲ್ಲಿನ ಪಕ್ಕದ ಕರಿಬೇವು. ಉಕ್ಕಿದ ಹಾಲು ಒಲೆಗಿಳಿದ ಕ್ಷಣವೂ ಸಿಕ್ಕಿತು. ಏಳನೆಯ ಫೋಟೊ ಅದೇ ತೊಲೆ. ಈಗ ಅದಕ್ಕೆ ಬಾಳೆಗೊನೆ ತೂಗುತ್ತಿತ್ತು, ಕೆಳಗೆ ಅಜ್ಜಿ ಹಣ್ಣಾದದ್ದನ್ನು ಹುಡುಕುತ್ತಿದ್ದಳು. ಹನ್ನೊಂದನ್ನೂ ವೆಬ್‌ಸೈಟಿಗೆ ಏರಿಸಿ, ಕೆಳಗೆ ಒಂದೊಂದು ಸಾಲು ಬರೆದಳು. ಬಾವಿ ನೀರು ಬೇಸಿಗೆಯಲ್ಲೂ ಇರುತ್ತೆ. ಅಡುಗೆಮನೆಗೆ ಬೆಳಗಿನ ಬಿಸಿಲು. ಮೆಟ್ಟಿಲಿನ ಮೂಲೆ ಒಡೆದಿದೆ.

“ಒಡೆದದ್ದನ್ನೂ ಬರೀತಾರಾ?” ಎಂದ ಶಾಂತಮೂರ್ತಿ ಫೋನು ಕಣ್ಣಿಗೆ ಹಿಡಿದು. ಆದರೆ ಅವನು ಫೋಟೊಗಳನ್ನು ಎರಡು ಸಲ ನೋಡಿದ.

ಅಂದಿನಿಂದ ಫೋನುಗಳು ಬಂದವು. ಒಬ್ಬರು ಬೆಲೆ ಅರ್ಧಕ್ಕಿಳಿಸಿ ಕೇಳಿದರು. ಒಬ್ಬರು ಬಾಳೆಗೊನೆ ಮಾರಾಟಕ್ಕಿದೆಯೇ ಎಂದರು. ಶಿವರಾತ್ರಿಗೆ ಒಂಬತ್ತು ದಿನವಿದ್ದಾಗ ಒಂದು ಹೆಣ್ಣು ದನಿ, ಅವಸರವಿಲ್ಲದ್ದು, ಕೇಳಿತು: “ಮನೆ ಇನ್ನೂ ಅದಾ ಮೇಡಂ? ನಿಜವಾಗ್ಲೂ ಅದಾ?”

*

ಬಂದವಳ ಹೆಸರು ರಾಣಿ, ಯಳಂದೂರಿನ ಆಸ್ಪತ್ರೆಯಲ್ಲಿ ನರ್ಸು. ಹನೂರಿನಾಚೆಯ ಹಳ್ಳಿಯಿಂದ ದಿನಾ ಎರಡು ಬಸ್ಸು ಬದಲಾಯಿಸಿ ಕೆಲಸಕ್ಕೆ ಬರುತ್ತಿದ್ದಳು. ಜೊತೆಗೆ ತಂದೆ ದೊಡ್ಡಮಾದಯ್ಯ. ಟವಲನ್ನು ಹೆಗಲಿನಿಂದ ಕೈಗಿಳಿಸಿಕೊಂಡು, ಅವನು ರಂಗೋಲಿಗಿಂತ ನಾಲ್ಕು ಹೆಜ್ಜೆ ಹಿಂದೆಯೇ ನಿಂತ.

“ಒಳಕ್ಕ ಬನ್ನಿ,” ಎಂದಳು ಪವಿತ್ರ.

“ಇರ್ಲಿ ಅವ್ವಾ. ಮಗಳು ನೋಡ್ತಳ.”

ರಾಣಿ ಮನೆಯನ್ನು ರೋಗಿಯ ನಾಡಿ ನೋಡುವಂತೆ ನೋಡಿದಳು. ನಲ್ಲಿ ತಿರುಗಿಸಿದಳು, ಕಿಟಕಿ ಚಿಲಕ ಹಾಕಿ ತೆಗೆದಳು, ಒಡೆದ ಮೆಟ್ಟಿಲನ್ನು ಕಾಲಿನಿಂದ ಒತ್ತಿದಳು. ನಡುಮನೆಗೆ ಬಂದು ಮೇಲೆ ನೋಡಿದಳು. “ತಪ್ಪು ತಿಳ್ಕಬೇಡಿ ಮೇಡಂ. ಇಲ್ಲಿ ಯಜಮಾನ್ರು ಏನೋ ಮಾಡ್ಕಂಡ್ರು ಅಂತ ಬಸ್ಸಲ್ಲಿ ಅಂತಿದ್ರು.”

ಪವಿತ್ರ ಮೂಲೆಯ ಮಣೆ ತೋರಿಸಿದಳು.

“ಅಲ್ಲಿ ಕೂತು ದಿನಾ ನನ್ನ ಸಾರಿಗೆ ಉಪ್ಪು ಕಮ್ಮಿ ಅಂತಿದ್ರು. ಇಲ್ಲಿ ಮಾಡಿದ್ದು ಅಷ್ಟೇ. ತೀರ್ಕಂಡಿದ್ದು ಮೈಸೂರಲ್ಲಿ, ಕಾಮಾಲೆ. ಆಸ್ಪತ್ರೆ ಕಾಗದ ಅವೆ, ನೋಡ್ತೀರಾ?”

“ಬ್ಯಾಡಿ,” ಎಂದಳು ರಾಣಿ. “ಮನೆ ಒಪ್ಪಿಗೆ. ಬ್ಯಾಂಕು ಸಾಲ ಒಪ್ಪಿ ಮೂರು ತಿಂಗಳಾಯ್ತು. ತೋರಿಸೋರೇ ಇರಲಿಲ್ಲ.”

ಆಗ ಶಾಂತಮೂರ್ತಿ ಮೋಟಾರು ಬೈಕಿನಲ್ಲಿ ಬಂದಿಳಿದ. ವ್ಯಾಪಾರ ಕುದುರಿಸುವ ನಗು ಮುಖದಲ್ಲಿತ್ತು. ಹೊರಗೆ ನಿಂತಿದ್ದ ದೊಡ್ಡಮಾದಯ್ಯನನ್ನು ನೋಡಿ ಅದು ಅರ್ಧಕ್ಕೆ ನಿಂತಿತು.

“ಯಾವೂರಾಯ್ತು?”

ದೊಡ್ಡಮಾದಯ್ಯ ಊರು ಹೇಳಿದ.

“ಊರಲ್ಲಿ ಯಾವ ಬೀದಿ?”

ದೊಡ್ಡಮಾದಯ್ಯ ನೆಲ ನೋಡಿದ. ಉತ್ತರ ಕೊಟ್ಟವಳು ಬಾಗಿಲಿಗೆ ಬಂದ ರಾಣಿ.

“ಈ ದನಿ ನಾನು ಕೇಳಿದ್ದೀನಿ. ನೀವು ಶಾಂತಮೂರ್ತಿ ಅಲ್ವಾ ಸಾ? ದೀಪಾವಳಿ ಆದ ವಾರ ನಿಮಗೆ ಫೋನ್ ಮಾಡಿದ್ದೆ, ಯಳಂದೂರಲ್ಲಿ ಮನೆ ಅದಾ ಅಂತ. ಅದೆ ಅಂದ್ರಿ. ಆಮೇಲೆ ಇದೇ ಪ್ರಶ್ನೆ ಕೇಳಿದ್ರಿ. ನಾನು ಹೇಳ್ದೆ. ‘ಅಯ್ಯೋ, ನೆನ್ನೆ ತಾನೇ ಮಾರಿಹೋಯ್ತಲ್ಲವ್ವ’ ಅಂದ್ರಿ.”

ಜಗುಲಿಯಲ್ಲಿ ಅವರೆಕಾಯಿ ಬಿಡಿಸುವ ಸದ್ದು ನಿಂತಿತು. ಪವಿತ್ರ ಅಣ್ಣನನ್ನು ನೋಡಿದಳು.

“ಯಾವ ಮನೆ ಅಣ್ಣ? ದೀಪಾವಳೀಲಿ ಯಳಂದೂರಲ್ಲಿ ನಿನ್ನ ಕೈಲಿ ಇದ್ದ ಮನೆ ಯಾವುದು?”



“ಇವರು ಹೊರಡಲಿ, ಆಮೇಲೆ ಮಾತಾಡನ,” ಎಂದ ಶಾಂತಮೂರ್ತಿ.

“ಇವರು ಹೊರಡಲ್ಲ,” ಎಂದಳು ಪವಿತ್ರ. “ಇವರಿಗೆ ಕಾಫಿ ಇಟ್ಟಿದ್ದೀನಿ.”

ಅವರು ಹೋದ ಮೇಲೆ ಜಗಳ ಬೀದಿಗೆ ಕೇಳಿಸಿತು.

“ಈ ಬೀದಿಯೋರಿಗೆ ನಾನು ಮುಖ ತೋರಿಸಬೇಕು ಪವಿತ್ರ! ನಾಳೆ ಇಲ್ಲಿ ಒಂದು ಮನೆ ಯಾರು ಕೊಡ್ತಾರೆ ನನಗೆ?”

“ನಿನ್ನ ಯಾಪಾರ ನಡೀಲಿ ಅಂತ ನನ್ನ ಮನೆ ಕಟ್ಟಾಕಿದ್ಯಾ? ಆ ಮೂರು ತಿಂಗಳು ಅತ್ತಿಗೆ ಕೈಲಿ ಒಂದು ತೆಂಗಿನಕಾಯಿಗೆ ಅನ್ನಿಸ್ಕಂಡೆ. ಮಾರಿದ್ರೆ ಆ ಹುಡ್ಗೀಗೇ ಮಾರೋದು.”

“ಮೂಲಪತ್ರ ನನ್ನ ಬೀರೂಲಿ ಅದೆ.”

“ಅಪ್ಪಾಜಿ!” ಎಂದಳು ನಾಗಶ್ರೀ. ಅವನು ಬೈಕು ಒದ್ದು ಹೊರಟುಹೋದ.

*

ವೀರಮ್ಮ, ಪವಿತ್ರ ಕೊಳ್ಳೇಗಾಲಕ್ಕೆ ಮರಳುವಷ್ಟರಲ್ಲಿ ಬೀರುವಿನ ಬೀಗದಕೈ ಕಳೆದುಹೋಗಿತ್ತು. ಶಾಂತಮೂರ್ತಿ ಜೇಬು ಕೊಡವಿ ತೋರಿಸಿದ. “ಎಲ್ಲೋ ಬಿದ್ದೋಗದೆ. ಸಿಕ್ಕಾಗ ಸಿಗ್ತದೆ.”

ಅಂದು ಮಧ್ಯಾಹ್ನ ವೀರಮ್ಮ ಮಗನ ತಟ್ಟೆಗೆ ಸಾರು ಬಡಿಸಿದಳು, ಮುದ್ದೆ ಹಾಕಲಿಲ್ಲ.

“ಮುದ್ದೆ ಎಲ್ಲವ್ವಾ?”

“ಎಲ್ಲೋ ಬಿದ್ದೋಗದೆ. ಬೀಗದಕೈ ಸಿಕ್ಕಿದ್ರೆ ಅದೂ ಸಿಗ್ತದೆ.”

ಮೂರು ದಿನ ಅವನು ಬರೀ ಸಾರು ಕುಡಿದು, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ತಿಂದ. ಹನೂರಿನಿಂದ ಪ್ರಭುಸ್ವಾಮಿ ಫೋನು ಮಾಡಿ, ಬೇರೆಯವರು ಮುಂಗಡ ಹಿಡಿದು ನಿಂತಿದ್ದಾರೆ ಎಂದ. ರಾಣಿ ಎರಡು ಸಲ ಫೋನು ಮಾಡಿದಳು. ಎರಡನೆಯ ಸಲ ಅವಳ ದನಿಯಲ್ಲಿ ಕೋಪವೂ ಇರಲಿಲ್ಲ. “ಆಗಲ್ಲ ಅಂದ್ರೆ ಹೇಳಿಬಿಡಿ ಮೇಡಂ. ನಮಗೆ ಅಭ್ಯಾಸ ಅದೆ.” ನಾಗಶ್ರೀ ಆ ಮಾತನ್ನು ಊಟಕ್ಕೆ ಕುಳಿತವರ ಮುಂದೆ ಹಾಗೆಯೇ ಹೇಳಿದಳು. ಮಹದೇವಮ್ಮ ಸೌಟು ಕೆಳಗಿಟ್ಟಳು.

ನಾಲ್ಕನೇ ಬೆಳಿಗ್ಗೆ ಪವಿತ್ರಳ ಕಾಫಿ ಲೋಟದ ಪಕ್ಕದಲ್ಲಿ ಬೀಗದಕೈ ಇತ್ತು. ಇಟ್ಟವಳು ಮಹದೇವಮ್ಮ.

“ರಾಗಿ ಡಬ್ಬದಲ್ಲಿ ಮಡಗಿದ್ರು,” ಎಂದಳು, ಯಾರ ಮುಖವನ್ನೂ ನೋಡದೆ. “ರಾಗಿ ಬಗ್ಸೋಳು ನಾನು ಅನ್ನೋದು ಮರ್ತೋಗದೆ. ಓಗು ನಿನ್ನ ಮೆಸ್ಸಿಗೆ. ನನ್ನ ತೆಂಗಿನಕಾಯಿ ಉಳೀತದೆ.” ಸ್ವಲ್ಪ ತಡೆದು ಸೇರಿಸಿದಳು: “ಅವರೆಕಾಳು ಸಾರಿಗೆ ಎಷ್ಟು ಹೊತ್ತು ಕುದಿಸ್ತೀಯ ಅಂತ ಯೋಳಿಕೊಟ್ಟು ಓಗು.”

ನೋಂದಣಿ ಶಿವರಾತ್ರಿಯ ಹಿಂದಿನ ದಿನ ಮುಗಿಯಿತು. ಸಾಕ್ಷಿ ಹಾಕಲು ಒಬ್ಬರು ಕಮ್ಮಿಯಾದಾಗ, ಕಚೇರಿಯ ಹೊರಗಿನ ಹುಣಸೆಮರದ ಕೆಳಗೆ ಬೈಕಿಗೊರಗಿ ನಿಂತಿದ್ದ ಶಾಂತಮೂರ್ತಿ ಒಳಗೆ ಬಂದ. ರುಜು ಹಾಕಿ, ಪೆನ್ನನ್ನು ದೊಡ್ಡಮಾದಯ್ಯನ ಕೈಗೆ ಕೊಡಹೋಗಿ, ಒಂದು ಗಳಿಗೆ ಅಳುಕಿ, ಕೊಟ್ಟ.

ಎಲ್ಲರೂ ಮನೆಗೆ ನಡೆದರು. ಪವಿತ್ರ ಪಟ, ದೀಪ, ಮಣೆಗಳನ್ನು ಹನೂರಿನ ಮೆಸ್ಸಿಗೆಂದು ಚೀಲಕ್ಕೆ ಹಾಕಿಕೊಂಡಳು. ಕೊನೆಗೆ ಬಕೆಟ್ಟು ನೀರು ತಂದು, ಬೆಳಿಗ್ಗೆ ಬಂದು ತಾನೇ ಎಳೆದಿದ್ದ ರಂಗೋಲಿಯ ಮೇಲೆ ಸುರಿದು, ಅಂಗೈಯಿಂದ ಹೊಸ್ತಿಲು ಉಜ್ಜಿದಳು. ನಾಗಶ್ರೀ ಬಗ್ಗಲು ಹೋದಾಗ “ಬಿಡು, ಇದು ನನ್ನ ಕೆಲಸ” ಎಂದಳು. ಬೀಗದಕೈಯನ್ನು ರಾಣಿಯ ಕೈಗಿಟ್ಟಳು.

“ಯಾರಿಗಪ್ಪಾ ಕೊಟ್ಟಿದ್ದು?” ಎಂದಳು ಚಿಕ್ಕನಿಂಗಮ್ಮ ಎದುರು ಜಗುಲಿಯಿಂದ, ಶಾಂತಮೂರ್ತಿಯ ಕಡೆ. ಬೀದಿಯ ಇನ್ನೂ ಮೂರು ಬಾಗಿಲುಗಳಲ್ಲಿ ಜನ ನಿಂತಿದ್ದರು.

“ಆಸ್ಪತ್ರೆ ನರ್ಸಮ್ಮನಿಗೆ. ದೊಡ್ಡಮಾದಯ್ಯನ ಮಗಳು.” ಊರು, ಬೀದಿ ಅವನು ಹೇಳಲಿಲ್ಲ. ಯಾರೂ ಮುಂದಕ್ಕೆ ಕೇಳಲೂ ಇಲ್ಲ, ಆ ಹೊತ್ತಿಗೆ.

ರಾಣಿ ಬ್ಯಾಗಿನಿಂದ ಒಂದು ಚಿಕ್ಕ ಡಬ್ಬ ತೆಗೆದು, ಒದ್ದೆ ಹೊಸ್ತಿಲ ಮುಂದೆ ಕುಕ್ಕರುಗಾಲಲ್ಲಿ ಕುಳಿತು ನಾಲ್ಕು ಚುಕ್ಕಿ ಇಟ್ಟಳು. ಗೆರೆ ಸ್ವಲ್ಪ ಸೊಟ್ಟಗೆ ಬಂತು. ದೊಡ್ಡಮಾದಯ್ಯ ಚಪ್ಪಲಿ ಕಳಚಿ, ಚುಕ್ಕಿ ತುಳಿಯದಂತೆ ಕಾಲೆತ್ತಿ, ಒಳಗೆ ಹೋದ.

ನಾಗಶ್ರೀ ಜಗುಲಿಯ ಕಂಬಕ್ಕೊರಗಿ ಫೋನಿನಲ್ಲಿ ವೆಬ್‌ಸೈಟು ತೆರೆದಳು. ಹಾಲು, ಬಾವಿ, ಹಗ್ಗದ ಸೀರೆ, ಬಾಳೆಗೊನೆಯ ಕೆಳಗಿನ ಅಜ್ಜಿ, ಹನ್ನೊಂದು ಫೋಟೊಗಳನ್ನೂ ಒಂದೊಂದಾಗಿ ಅಳಿಸಿದಳು. ಉಳಿದ ಖಾಲಿ ಜಾಗದಲ್ಲಿ ಒಂದೇ ಸಾಲು ಬರೆದಳು: ಯಳಂದೂರಿನ ಮನೆ ಮಾರಾಟವಾಗಿದೆ.